ಪುಟ್ಟ ಹೆಜ್ಜೆ, ಪುಟ್ಟ ಖರ್ಚು

ಬಿಡದಿಯಲ್ಲಿ ರೈಲು ನಿಂತಿದ್ದು ಎರಡೇ ನಿಮಿಷ. ಅಷ್ಟರಲ್ಲಿ ತಟ್ಟೆ ಇಡ್ಲಿಯ ಬುಟ್ಟಿ ನಮ್ಮ ಬೋಗಿಗೆ ಹತ್ತಿತ್ತು. ಎಲೆಯ ಮೇಲೆ ಹಬೆಯಾಡುವ ಇಡ್ಲಿ ಕೈಗೆ ಬಂದಾಗ ಪುಟ್ಟಿ ಅದರ ಅಂಚು ಮುರಿದು ಒಂದು ತುಂಡು ತಾನು ತಿಂದಳು. ಇನ್ನೊಂದು ತುಂಡನ್ನು ಎದುರು ಸೀಟಿನ ಅಜ್ಜಿಗೆ ಕೊಟ್ಟಳು. ಅಜ್ಜಿ ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಎಲ್ಲಿಗವ್ವಾ ಸವಾರಿ?" ಎಂದು ಕೇಳಿದರು. ಒಂದು ವರ್ಷ ಹತ್ತು ತಿಂಗಳ ನನ್ನ ಮಗಳಿಗೆ ಮೈಸೂರು ಎನ್ನಲು ಬರುತ್ತಿರಲಿಲ್ಲ. ಕಿಟಕಿಯ ಆಚೆ ಓಡುತ್ತಿದ್ದ ತೆಂಗಿನ ತೋಟದ ಕಡೆ ಕೈ ಮಾಡಿ, "ಅಲ್ಲಿ" ಎಂದಳು.

ಅವಳ ಮಟ್ಟಿಗೆ ಪ್ರವಾಸ ಅಲ್ಲಿಗೇ ಶುರುವಾಗಿತ್ತು. ಮುಟ್ಟಬೇಕಾದ ಊರು ಇನ್ನೂ ನೂರು ಕಿಲೋಮೀಟರ್ ಆಚೆ ಇದೆ ಎಂಬುದು ಅವಳಿಗೆ ಬೇಕಿರಲಿಲ್ಲ.

ಇದು ನನಗೆ ಅರ್ಥವಾಗಲು ಹಿಂದಿನ ವರ್ಷದ ಒಂದು ಕೆಟ್ಟ ಪ್ರವಾಸ ಬೇಕಾಯಿತು. ಆಗ ಅವಳಿಗೆ ಹತ್ತು ತಿಂಗಳು. ಎರಡು ದಿನದಲ್ಲಿ ನಾಲ್ಕು ಊರು ನೋಡುವ ಹಟದಿಂದ ಬಾಡಿಗೆ ಕಾರು ಮಾಡಿಕೊಂಡು ಘಟ್ಟ ಹತ್ತಿದೆವು. ತಿರುವುಗಳಲ್ಲಿ ಮಗು ಮೂರು ಸಲ ವಾಂತಿ ಮಾಡಿತು. ಫೋಟೊ ನೋಡಿ ಹಿಡಿದಿದ್ದ ರೂಮು ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ, ಬಿಸಿನೀರು ಬೆಳಿಗ್ಗೆ ಒಂದೇ ತಾಸು. ಜಲಪಾತದ ಮೆಟ್ಟಿಲ ಬಳಿ ನಾನು ಅಳುವ ಮಗುವನ್ನು ಎತ್ತಿಕೊಂಡು ನಿಂತೆ, ಇವರು ಇಳಿದು ನೋಡಿ ಬಂದರು. ಆಮೇಲೆ ನಾನು ಇಳಿಯಬೇಕಿತ್ತು, ಕಾಲೇ ಬರಲಿಲ್ಲ. ಹದಿನೆಂಟು ಸಾವಿರ ಖರ್ಚಾಗಿತ್ತು. ಮನೆಗೆ ಬಂದ ಮೇಲೆ ಮೂರು ದಿನ ಮಗುವಿಗೆ ಜ್ವರ.

ಈ ಸಲ ಹೊರಡುವ ಮುನ್ನ ಒಂದು ತೀರ್ಮಾನ ಮಾಡಿಕೊಂಡೆವು: ಪ್ರವಾಸವನ್ನು ಪುಟ್ಟಿಯ ಅಳತೆಗೆ ಹೊಲಿಸುವುದು. ಹಾಗೆ ಹೊಲಿಸಿದಾಗ ಬಟ್ಟೆ ಕಡಿಮೆ ಸಾಕಾಯಿತು. ಮಗುವಿನ ಹೆಜ್ಜೆಗೆ ನಡೆದರೆ ಖರ್ಚೂ ತಾನಾಗಿ ಇಳಿಯುತ್ತದೆ ಎಂಬುದನ್ನು ಆ ಮೂರು ದಿನ ಕಣ್ಣಾರೆ ಕಂಡೆ. ಎಳೆ ಮಕ್ಕಳಿರುವ ಮನೆಯವರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕೆನಿಸಿತು.

ಶಿವರಾತ್ರಿ ಕಳೆದು ಯುಗಾದಿ ಬರುವ ತನಕ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಪಂಚಾಂಗದ ವಸಂತ ಯುಗಾದಿಗೆ ಶುರು. ಮರಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಫಾಲ್ಗುಣದಲ್ಲೇ ಮುತ್ತುಗ ಕೆಂಪಾಗುತ್ತದೆ, ಬೂರುಗ ಎಲೆ ಉದುರಿಸಿ ಹೂ ಬಿಡುತ್ತದೆ, ಹೊಂಗೆ ಹೊಸ ಚಿಗುರು ತೊಡುತ್ತದೆ, ಮಾವಿನ ಹೂ ಮಿಡಿ ಕಚ್ಚುತ್ತದೆ. ಬೆಳಗಿನ ಚಳಿ ಸ್ವೆಟರ್ ಬೇಡುವಷ್ಟಿಲ್ಲ. ಸಂಜೆಯ ಗಾಳಿಗೆ ಇನ್ನೂ ಬೇಸಿಗೆಯ ಧಗೆ ತಗಲಿಲ್ಲ. ಮಳೆಯ ಭಯವಂತೂ ಇಲ್ಲವೇ ಇಲ್ಲ ಎನ್ನಬಹುದು.

ಖರ್ಚಿನ ಕಡೆಯಿಂದಲೂ ಈ ಒಂದು ತಿಂಗಳು ಬಂಗಾರದಂಥದ್ದು. ಮಾರ್ಚ್ ಎಂದರೆ ಪರೀಕ್ಷೆಗಳ ಕಾಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳು ಅಲ್ಲಾಡುವುದಿಲ್ಲ. ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬಿಟ್ಟ ಕೂಡಲೇ ಲಾಡ್ಜುಗಳ ದರ ಏರುತ್ತದೆ, ಟಿಕೆಟ್ ಕೌಂಟರಿನ ಸಾಲು ಬೆಳೆಯುತ್ತದೆ. ಶಾಲೆಗೆ ಸೇರದ ಮಗು ಇರುವವರಿಗೆ ಮಾತ್ರ ಈ ಯಾವ ಕಟ್ಟೂ ಇಲ್ಲ. ಇನ್ನು ಒಂದೆರಡು ವರ್ಷ ಕಳೆದರೆ ನಾವೂ ಶಾಲೆಯ ಕ್ಯಾಲೆಂಡರಿಗೆ ಕಟ್ಟುಬಿದ್ದವರೇ. ಅದಕ್ಕೇ ಹೇಳುತ್ತೇನೆ, ಈ ಬಿಡುವು ಇರುವಾಗ ಬಳಸಿಕೊಳ್ಳಿ.

ನಾವು ಹೊರಟಿದ್ದು ಭಾನುವಾರ, ವಾಪಸಾಗಿದ್ದು ಮಂಗಳವಾರ. ಎರಡು ದಿನ ರಜೆ ಹಾಕಬೇಕಾಯಿತು. ಆದರೆ ಶನಿವಾರದ ನೂಕುನುಗ್ಗಲು ತಪ್ಪಿತು, ರೂಮಿನ ಬಾಡಿಗೆ ಕೇಳಿದ ಮಾತಿಗೇ ಇಳಿಯಿತು.

ಬಸ್ಸೋ, ರೈಲೋ, ಕಾರೋ

ನಮ್ಮ ಸೂತ್ರ ಸರಳ: ಮನೆಯಿಂದ ಮೂರು ತಾಸಿನೊಳಗೆ ಮುಟ್ಟುವ ಊರು. ಎಳೆ ಮಗುವಿನ ತಾಳ್ಮೆ ಸುಮಾರಾಗಿ ಅಷ್ಟೇ. ಒಂದು ಊಟ, ಒಂದು ಆಟ, ಒಂದು ಕೋಳಿನಿದ್ದೆ. ಬೆಂಗಳೂರು–ಮೈಸೂರು ರೈಲುದಾರಿ 139 ಕಿಲೋಮೀಟರ್, ಎಕ್ಸ್‌ಪ್ರೆಸ್ ಗಾಡಿಗಳಿಗೆ ಎರಡೂವರೆ–ಮೂರು ತಾಸು.

ಪುಟ್ಟ ಮಕ್ಕಳಿಗೆ ರೈಲಿನಷ್ಟು ಒಳ್ಳೆಯ ವಾಹನ ಇನ್ನೊಂದಿಲ್ಲ. ಕಾರಿನಲ್ಲಿ ಕಟ್ಟಿಹಾಕಿದಂತೆ ಕೂರಬೇಕು. ರೈಲಿನಲ್ಲಾದರೆ ಕೈ ಹಿಡಿದು ಬೋಗಿಯ ತುದಿಯವರೆಗೆ ನಡೆಸಬಹುದು, ಶೌಚಾಲಯವಿದೆ, ಕಿಟಕಿಯಲ್ಲಿ ಜಗತ್ತು ಓಡುತ್ತಿರುತ್ತದೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಟಿಕೆಟ್ಟೇ ಬೇಡ. ಕಾಯ್ದಿರಿಸಿದ ಎರಡನೇ ದರ್ಜೆಯ ಸೀಟಿಗೆ ನಮಗೆ ತಲಾ ನೂರರ ಆಸುಪಾಸು ಆಯಿತು. ಬೆಳಗಿನ ಗಾಡಿಯಲ್ಲಿ ಕೂತರೆ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ತಾವಾಗಿ ಬಳಿಗೆ ಬರುತ್ತವೆ. ಇಡ್ಲಿ ಮಗುವಿಗೆ, ಗರಿಗರಿ ವಡೆ ದೊಡ್ಡವರಿಗೆ. ಈರುಳ್ಳಿ ವಡೆಯ ಗಟ್ಟಿ ಚೂರು ಎಳೆ ಬಾಯಿಗೆ ಬೇಡ.

ವಾಪಸು ಬರುವಾಗ ಬಸ್ ಹಿಡಿದೆವು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆಧಾರ್ ತೋರಿಸಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟರು. ಮಗುವಿಗೆ ಟಿಕೆಟ್ ಇಲ್ಲ. ಮೂವರ ಸಂಸಾರ ಒಬ್ಬರ ಟಿಕೆಟ್ಟಿನಲ್ಲಿ ಊರು ಮುಟ್ಟಿತು. ಮೈಸೂರಿನ ಸಿಟಿ ಬಸ್ಸುಗಳಲ್ಲೂ ಇದೇ ಸೌಲಭ್ಯವಿದೆ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇದು ಸಲ್ಲದು.

ಸ್ವಂತ ಕಾರಿರುವವರು ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಬಿಡಬೇಕು. ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಗಟ್ಟಿಯಾಗಿ ಬ್ರೇಕ್ ಬಿದ್ದಾಗ ಯಾವ ತಾಯಿಯ ಕೈಗೂ ಮಗುವನ್ನು ಹಿಡಿದಿಡುವ ಬಲ ಇರುವುದಿಲ್ಲ. ಬೈಕಿನ ಯೋಚನೆಯನ್ನಂತೂ ಬಿಟ್ಟೇಬಿಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ಪ್ರವೇಶವೇ ಇಲ್ಲ.

ರೂಮು ಹಿಡಿಯುವ ಮುನ್ನ

ಹೋದ ಸಲ ಫೋಟೊ ನೋಡಿ ಮೋಸಹೋದೆವು. ಈ ಸಲ ಫೋನು ಮಾಡಿ ಕೇಳಿದೆವು. ಮಹಡಿ ಎಷ್ಟನೆಯದು? ನೆಲಮಹಡಿಯಲ್ಲಿ ರೂಮು ಇದೆಯಾ? ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಕಿಟಕಿಗೆ ಸೊಳ್ಳೆ ಜಾಲರಿ ಉಂಟಾ? ಬಾಲ್ಕನಿಗೆ ಸರಳು ಹಾಕಿದ್ದಾರಾ? ಮಗುವಿಗೆ ಬೇರೆ ದುಡ್ಡು ಕೊಡಬೇಕಾ? ಕೊನೆಯ ಪ್ರಶ್ನೆಗೆ ಬಹಳಷ್ಟು ಕಡೆ "ಚಿಕ್ಕ ಮಕ್ಕಳಿಗೆ ಏನಿಲ್ಲ ಬಿಡಿ ಮೇಡಂ" ಎಂಬ ಉತ್ತರವೇ ಬರುತ್ತದೆ. ಆದರೂ ಮೊದಲೇ ಕೇಳಿಟ್ಟುಕೊಂಡರೆ ಬಿಲ್ಲಿನ ಹೊತ್ತಿಗೆ ಮಾತು ಬೆಳೆಯುವುದಿಲ್ಲ.

ಇನ್ನೊಂದು ಪ್ರಶ್ನೆಯಿಂದ ನಮಗೆ ಅರ್ಧ ದಿನದ ಬಾಡಿಗೆ ಉಳಿಯಿತು: ಚೆಕ್‌ಔಟ್ ಹೇಗೆ? ಹಳೆಯ ಲಾಡ್ಜುಗಳಲ್ಲಿ ಇನ್ನೂ 24 ತಾಸಿನ ಲೆಕ್ಕ ಇದೆ. ನೀವು ಬಂದ ಹೊತ್ತಿನಿಂದ ದಿನ ಶುರು. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತೆರೆದವರು ಮಂಗಳವಾರ ಅದೇ ಹೊತ್ತಿಗೆ ಬೀಗದ ಕೈ ಒಪ್ಪಿಸಿದೆವು. ಬೆಳಿಗ್ಗೆ ಹೊರಗೆ ಸುತ್ತಿ ಬಂದು ಮಗುವಿಗೆ ಸ್ನಾನ ಮಾಡಿಸಿ ಹೊರಡಲು ಸಮಯ ಸಿಕ್ಕಿತು. ಬಾಡಿಗೆ ದಿನಕ್ಕೆ 1,300 ರೂಪಾಯಿ. ಟಿವಿ ಹಳೆಯದು, ಗೋಡೆಯ ಬಣ್ಣ ಮಾಸಿತ್ತು. ನೆಲ ಮಾತ್ರ ಚೊಕ್ಕಟವಾಗಿತ್ತು, ಅಂಗಳದಲ್ಲಿ ಒಂದು ಸಂಪಿಗೆ ಮರವೂ ಇತ್ತು. ಪುಟ್ಟಿಗೆ ಆ ಅಂಗಳ ಸಾಕಾಯಿತು.

ರೂಮಿಗೆ ಹೋದ ಕೂಡಲೇ ನಾವು ಮಾಡಿದ ಮೊದಲ ಕೆಲಸ, ಮಂಚದ ಮೇಲಿನ ಹಾಸಿಗೆ ಒಂದನ್ನು ನೆಲಕ್ಕೆ ಇಳಿಸಿದ್ದು. ಹೊಸ ಜಾಗದಲ್ಲಿ ಮಕ್ಕಳು ಹೊರಳುವುದು ಹೆಚ್ಚು. ಎರಡನೆಯದು, ಮಂಡಿಯೂರಿ ಇಡೀ ಕೋಣೆಯನ್ನು ಮಗುವಿನ ಎತ್ತರದಿಂದ ನೋಡಿದ್ದು. ತೆರೆದ ಪ್ಲಗ್ಗು, ಇಸ್ತ್ರಿ ಪೆಟ್ಟಿಗೆಯ ನೇತಾಡುವ ತಂತಿ, ಮಂಚದ ಕೆಳಗೆ ಬಿದ್ದಿದ್ದ ಹಿಂದಿನವರ ಮಾತ್ರೆಯ ಒಂದು ಪಟ್ಟಿ, ಇವೆಲ್ಲ ಕಂಡಿದ್ದು ಆಗಲೇ. ಮಗುವಿಗೆ ಮನೆಯ ಹಳೆಯ ಹತ್ತಿ ಸೀರೆಯನ್ನೇ ಹಾಸಿದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಪುಟ್ಟಿ ಹತ್ತು ನಿಮಿಷದಲ್ಲಿ ನಿದ್ದೆ ಹೋದಳು.

ಬುತ್ತಿ ಕಟ್ಟುವ ಕೈ

ಹೊರಡುವ ಹಿಂದಿನ ದಿನ ಅತ್ತೆ ಎರಡು ಡಬ್ಬಿ ತಂದು ಮುಂದಿಟ್ಟರು. ಒಂದರಲ್ಲಿ ರಾಗಿ ಹುರಿಹಿಟ್ಟು. ನೆನೆಸಿದ ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು ಅದು, ಒಲೆಯ ಹಂಗಿಲ್ಲ. ಬಿಸಿ ಹಾಲಿಗೋ ನೀರಿಗೋ ಕಲಸಿ ಚೂರು ಬೆಲ್ಲ ಸೇರಿಸಿದರೆ ಮಗುವಿನ ಊಟ. ಇನ್ನೊಂದರಲ್ಲಿ ತೆಳು ಅವಲಕ್ಕಿಯನ್ನು ಬೆಚ್ಚಗೆ ಹುರಿದು ಮಾಡಿದ ಪುಡಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಗಂಜಿಯಂತಾಗುತ್ತದೆ. ಉಪ್ಪು, ತುಪ್ಪ ಸಾಕು. "ಹೋಟ್ಲಲ್ಲಿ ಮಗೂಗೆ ಏನು ಸಿಗುತ್ತೋ ಏನೋ, ಇದಿದ್ರೆ ಧೈರ್ಯ ಕಣಮ್ಮ" ಎಂದರು. ಆ ಎರಡು ಡಬ್ಬಿ, ಒಂದು ಸಣ್ಣ ಎಲೆಕ್ಟ್ರಿಕ್ ಕೆಟಲ್, ಸ್ಟೀಲ್ ಫ್ಲಾಸ್ಕ್ — ಮೂರು ದಿನದ ಅಡುಗೆಮನೆ ಅಷ್ಟರಲ್ಲಿ ಮುಗಿಯಿತು.

ಹೊರಗೆ ಮಗುವಿಗೆ ಕೊಟ್ಟಿದ್ದು ಬಿಸಿ ಇಡ್ಲಿ, ಅನ್ನ ಮೊಸರು, ಬಾಳೆಹಣ್ಣು. ಮೈಸೂರಿಗೆ ಹೋದವರು ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನ ಸಾಲಿಗೆ ಒಮ್ಮೆ ಹೋಗಲೇಬೇಕು. ನಂಜನಗೂಡು ರಸಬಾಳೆ ಸಿಕ್ಕಿದರೆ ಎರಡು ಹಣ್ಣಾದರೂ ಕೊಳ್ಳಿ, ಎಳೆ ಬಾಯಿಗೆ ಅದಕ್ಕಿಂತ ಮೃದುವಾದ ತಿಂಡಿ ಇಲ್ಲ. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸು, ಚಟ್ನಿಗಳಿಂದ ದೂರ ಇದ್ದೆವು. ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ನೀರು ಅವಳ ಬಾಯಿಗೆ ಹೋಗಲಿಲ್ಲ.

ಔಷಧಿ ಚೀಲವನ್ನು ಮಕ್ಕಳ ಡಾಕ್ಟರರನ್ನು ಕೇಳಿಯೇ ಕಟ್ಟಿಕೊಂಡೆ. ಜ್ವರದ ಸಿರಪ್ಪಿನ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುತ್ತದೆ. ಅದನ್ನು ಬಾಟಲಿಯ ಮೇಲೇ ಬರೆಸಿಕೊಂಡೆ. ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಸೊಳ್ಳೆ ಪರದೆ ಜೊತೆಗಿದ್ದವು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಒಮ್ಮೆಗೇ ಕಲಸಬೇಕು. ಅಂದಾಜಿಗೆ ಅರ್ಧ ಸುರಿದರೆ ಲವಣದ ಹದ ಕೆಡುತ್ತದೆ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಮಕ್ಕಳಿಗೆ ಡಿಪಿಟಿ ಬೂಸ್ಟರ್, ದಡಾರ–ರುಬೆಲ್ಲಾದ ಎರಡನೇ ಡೋಸು ಇರುತ್ತದೆ. ಚುಚ್ಚುಮದ್ದಿನ ಮರುದಿನ ಜ್ವರ ಬರುವುದುಂಟು, ಹಾಗಾಗಿ ಆ ವಾರ ಪ್ರಯಾಣ ಇಟ್ಟುಕೊಳ್ಳಬೇಡಿ.

ಜನ ಸೇರುವ ಕಡೆ ಮಗುವಿನ ಅಂಗಿಯ ಒಳಜೇಬಿನಲ್ಲಿ ನಮ್ಮಿಬ್ಬರ ಫೋನ್ ನಂಬರಿನ ಚೀಟಿ ಇಟ್ಟಿದ್ದೆವು. ದಿನವೂ ಬೆಳಿಗ್ಗೆ ಅವಳದೊಂದು ಫೋಟೊ ತೆಗೆಯುತ್ತಿದ್ದೆ. ಅಕಸ್ಮಾತ್ ಕಣ್ತಪ್ಪಿದರೆ ಆ ದಿನ ಯಾವ ಬಟ್ಟೆ ತೊಟ್ಟಿದ್ದಳು ಎಂದು ತಡವರಿಸಬಾರದಲ್ಲ. ಮಕ್ಕಳ ಸಹಾಯವಾಣಿ 1098, ರೈಲ್ವೆ ಸಹಾಯವಾಣಿ 139. ಎರಡೂ ನಂಬರು ಫೋನಿನಲ್ಲಿ ಇರಲಿ.

ದಿನಕ್ಕೊಂದೇ ನೋಟ

ಪುಟ್ಟಿಯ ವಯಸ್ಸಿನ ಮಕ್ಕಳಿಗೆ ಹಗಲ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ತಾಸು ನಿದ್ದೆ ಬೇಕು. ಊಟ, ಸ್ನಾನ, ಬಟ್ಟೆ ಬದಲಿಸುವುದು ಕಳೆದರೆ ತಿರುಗಾಟಕ್ಕೆ ಉಳಿಯುವುದು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಮಾರ್ಚ್ ಮಧ್ಯಾಹ್ನದ ಬಿಸಿಲು ಮೈಸೂರಿನಲ್ಲೂ 33–34 ಡಿಗ್ರಿಗೆ ಏರುತ್ತದೆ. ಹೋಗಿಬರುವ ಪ್ರಯಾಣದ ಹೊತ್ತು ಬಿಟ್ಟರೆ ಹನ್ನೊಂದರಿಂದ ನಾಲ್ಕರವರೆಗೆ ನಾವು ರೂಮು ಬಿಟ್ಟು ಕದಲಲಿಲ್ಲ. ಅವಳ ಪಕ್ಕ ನಾವೂ ಮಲಗಿದೆವು. ಮದುವೆಯಾದ ಮೇಲೆ ಹಗಲು ಹೊತ್ತು ಇಬ್ಬರೂ ಒಟ್ಟಿಗೆ ಅಷ್ಟು ಸುಖವಾಗಿ ನಿದ್ದೆ ಮಾಡಿದ್ದು ನೆನಪಿಲ್ಲ.

ಉಳಿದ ಹೊತ್ತಿಗೆ ದಿನಕ್ಕೊಂದೇ ನೋಟ. ಭಾನುವಾರ ಸಂಜೆ ಅರಮನೆಯ ದೀಪ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುತ್ತವೆ, ಅಂಗಳದಲ್ಲಿ ನಿಂತು ನೋಡಲು ದುಡ್ಡಿಲ್ಲ. ಕತ್ತಲು ಕವಿಯುವಾಗ ಪುಟ್ಟಿ ಅಪ್ಪನ ಹೆಗಲ ಮೇಲಿದ್ದಳು. ಒಂದು ಕ್ಷಣ ಏನೂ ಇರಲಿಲ್ಲ, ಮರುಕ್ಷಣ ಇಡೀ ಕಟ್ಟಡ ಬಂಗಾರದ ಗೆರೆಗಳಲ್ಲಿ ಎದ್ದು ನಿಂತಿತು. ಸುತ್ತಲಿನ ನೂರಾರು ಬಾಯಿಂದ ಒಂದೇ ಉದ್ಗಾರ ಹೊರಟಿತು. ಪುಟ್ಟಿ ಅಪ್ಪನ ಕೂದಲು ಗಟ್ಟಿಯಾಗಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ಮನೆಯಲ್ಲಿ ಸಂಜೆ ಹೇಳುವಂತೆ, ಕೈ ಜೋಡಿಸಿ "ದೀಪ, ಜೋಜೋ" ಎಂದಳು. ದೇವರಿಗೆ ಅವಳಿಟ್ಟ ಹೆಸರು ಜೋಜೋ.

ಸೋಮವಾರ ಮೃಗಾಲಯ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಹುಟ್ಟಿದ್ದು ಇದು. ಮಂಗಳವಾರ ರಜೆ. ಈ ರಜೆ ಗೊತ್ತಿಲ್ಲದೆ ಗೇಟಿನವರೆಗೆ ಬಂದು ಮರಳುವ ಸಂಸಾರಗಳು ಎಷ್ಟೋ. ಬಾಗಿಲು ತೆರೆದ ಕೂಡಲೇ ಒಳಗೆ ಹೋದೆವು. ಪೂರ್ತಿ ಸುತ್ತು ಹೊಡೆಯಬೇಕೆಂಬ ಆಸೆಯನ್ನು ನಾನು ಮೊದಲೇ ಕಟ್ಟಿಟ್ಟಿದ್ದೆ. ಜಿರಾಫೆ ಕಂಡಳು, ಮಣ್ಣು ತೂರಿಕೊಳ್ಳುವ ಆನೆ ಕಂಡಳು. ಅದಾದ ಮೇಲೆ ದಾರಿಯ ಬದಿಯ ಒಂದು ಕಲ್ಲುಬೆಂಚಿನ ಬಳಿ ಕೂತವಳು ಏಳಲೇ ಇಲ್ಲ. ಅಲ್ಲೊಂದು ಅಳಿಲು ಬಿದ್ದ ಕಾಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಕಚ್ಚುತ್ತಿತ್ತು. ಪುಟ್ಟಿ ತನ್ನ ಬಾಳೆಹಣ್ಣನ್ನು ಹಾಗೆಯೇ ಎರಡು ಕೈಯಲ್ಲಿ ಹಿಡಿದು ತಿರುಗಿಸಿದಳು. ಇಪ್ಪತ್ತು ನಿಮಿಷ ಕಳೆಯಿತು. ಹುಲಿ ಇನ್ನೂ ಬಾಕಿ ಇತ್ತು. ಹೋದ ವರ್ಷದ ನಾನಾಗಿದ್ದರೆ ಅವಳನ್ನು ಎತ್ತಿಕೊಂಡು ಓಡುತ್ತಿದ್ದೆ. ಈ ಸಲ ಪಕ್ಕದಲ್ಲಿ ಕೂತೆ. ನಾನೂ ಅಳಿಲನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಸಂಜೆ ಎಲ್ಲೂ ಹೋಗಲಿಲ್ಲ, ಲಾಡ್ಜಿನ ಸಂಪಿಗೆ ಮರದ ಕೆಳಗೆ ಆಡಿದಳು. ಇನ್ನೊಂದು ದಿನ ಉಳಿಯುವವರು ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬಹುದು. 1979ರಿಂದ ಇರುವ ಆ ಮ್ಯೂಸಿಯಮ್ಮಿನಲ್ಲಿ ಹಳೆಯ ಉಗಿಬಂಡಿಗಳಿವೆ, ಮಹಾರಾಣಿಯವರ ರೈಲುಬೋಗಿ ಇದೆ, ಮಕ್ಕಳಿಗೆ ಪುಟಾಣಿ ರೈಲು ಉಂಟು. ಹೋಗುವ ಮುನ್ನ ರಜಾದಿನ ಯಾವುದೆಂದು ವಿಚಾರಿಸಿಕೊಳ್ಳಿ.

ಕೊಕ್ಕರೆಗಳ ಮುಂಜಾನೆ

ಈ ಕಾಲಕ್ಕೇ ಹೋಗಬೇಕೆಂದು ನಾನು ಹಟ ಹಿಡಿಯಲು ಮುಖ್ಯ ಕಾರಣ ರಂಗನತಿಟ್ಟು. ಹಕ್ಕಿಗಳ ಬಾಣಂತನ ಫೆಬ್ರವರಿ–ಮಾರ್ಚಿನಲ್ಲಿ ಅಲ್ಲಿ ಜೋರು. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಶ್ರೀರಂಗಪಟ್ಟಣದ ಬಸ್ ಹಿಡಿದು, ಅಲ್ಲಿಂದ ಮೂರು–ನಾಲ್ಕು ಕಿಲೋಮೀಟರ್ ಆಟೊದಲ್ಲಿ ಹೋದೆವು. ಕಾಯುವ ಬಾಡಿಗೆಯನ್ನು ಹತ್ತುವ ಮುನ್ನವೇ ಮಾತಾಡಿಕೊಂಡಿದ್ದೆವು.

ಕಾವೇರಿಗೆ ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಅಣೆಕಟ್ಟೆಯಿಂದ ನೀರು ನಿಂತು ಇಲ್ಲಿನ ನಡುಗಡ್ಡೆಗಳು ಮೂಡಿದವು. ಪಕ್ಷಿತಜ್ಞ ಸಲೀಂ ಅಲಿಯವರು ಈ ಜಾಗದ ಬೆಲೆ ಕಂಡು ಹೇಳಿದ ಮೇಲೆ ಮೈಸೂರು ಅರಸರ ಸರ್ಕಾರ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಇದು ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕರ್ನಾಟಕದ ಜೌಗುನೆಲಗಳಲ್ಲಿ ಆ ಪಟ್ಟಿ ಸೇರಿದ ಮೊದಲನೆಯದು. ಒಂದು ಚದರ ಕಿಲೋಮೀಟರೂ ಇಲ್ಲದ ಈ ಪುಟ್ಟ ಜಾಗ ನನಗೆ ಇಷ್ಟವಾಗಲು ಅದರ ಪುಟ್ಟತನವೂ ಒಂದು ಕಾರಣ. ಎರಡು ತಾಸಿನಲ್ಲಿ ಮನಸ್ಸು ತುಂಬ ನೋಡಿ ಬರಬಹುದು.

ದೋಣಿಗೆ ಮೊದಲ ಸುತ್ತಿಗೇ ಹತ್ತಿದೆವು. ಬಿಸಿಲು ಎಳೆಯದಿತ್ತು, ಜನ ಕಡಿಮೆ. ಲೈಫ್ ಜಾಕೆಟ್ ಕಟ್ಟಿ, ಮಗುವನ್ನು ದೋಣಿಯ ನಡುವೆ ಕೂರಿಸಿಕೊಂಡೆವು. ಬಂಡೆಗಳ ಮೇಲೆ ಬಾಯ್ದೆರೆದು ಮಲಗಿರುವ ಮೊಸಳೆಗಳು ನಿಜವಾದ ಮೊಸಳೆಗಳು. ಕೈ ಹೊರಚಾಚಲು ಬಿಡಕೂಡದು. ಹುಟ್ಟಿನ ಸದ್ದು ಬಿಟ್ಟರೆ ಬರೀ ಹಕ್ಕಿಗಳ ಗದ್ದಲ. ಬಿದಿರು ಮೆಳೆ, ಹೊಳೆಮತ್ತಿ ಮರಗಳ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯ್ಕಳಕ, ನೀರುಕಾಗೆ.

ದೋಣಿ ಒಂದು ಮರದ ಕೆಳಗೆ ನಿಂತಿತು. ತಲೆಯ ಮೇಲೆ ಹತ್ತು–ಹನ್ನೆರಡು ಅಡಿಯಲ್ಲಿ ಬಣ್ಣದ ಕೊಕ್ಕರೆಯ ಗೂಡು. ಅಷ್ಟು ಚೆಲುವಾದ ಹಕ್ಕಿಗೆ ಬೂದಿ ಬಣ್ಣದ, ಕೆದರಿದ ಪುಕ್ಕದ ಎರಡು ಮರಿ. ತಾಯಿಯೋ ತಂದೆಯೋ ಹಾರಿ ಬಂದು ಇಳಿಯಿತು. ಮರಿಗಳು ಕುತ್ತಿಗೆ ಮೇಲೆತ್ತಿ ಒರಲಿದವು. ದೊಡ್ಡ ಹಕ್ಕಿ ತಲೆ ಬಗ್ಗಿಸಿ ಗಂಟಲಿಂದ ಮೀನು ಕಕ್ಕಿತು, ಮರಿಗಳು ನುಗ್ಗಿ ತಿಂದವು. ಪುಟ್ಟಿ ಕತ್ತು ಹಿಂದಕ್ಕೆ ಬಾಗಿಸಿ ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ತಾನೂ ಬಾಯಿ ತೆರೆದಳು. ಎರಡು ದಿನದಿಂದ ಪ್ರತಿ ತುತ್ತಿಗೂ ತಲೆ ಅಲ್ಲಾಡಿಸುತ್ತಿದ್ದ ಮಗು ಅದು. ನಾನು ಚೀಲದಿಂದ ಡಬ್ಬಿ ತೆಗೆದು, ಬೆಳಿಗ್ಗೆ ಕಲಸಿಕೊಂಡಿದ್ದ ಹುರಿಹಿಟ್ಟಿನ ಪುಟ್ಟ ಉಂಡೆ ಒಂದನ್ನು ಆ ಬಾಯಿಗಿಟ್ಟೆ. ನುಂಗಿ, ಮತ್ತೆ ಬಾಯಿ ತೆರೆದಳು. ದೋಣಿಯವರು ನಕ್ಕು ಹುಟ್ಟು ಮೇಲೆತ್ತಿಟ್ಟು, ಡಬ್ಬಿ ಖಾಲಿಯಾಗುವ ತನಕ ಅಲ್ಲೇ ನಿಲ್ಲಿಸಿದರು.

ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೂ ಹತ್ತಿರ. ಅಲ್ಲಿ ದೋಣಿಯೂ ಬೇಡ. ಶಿಂಷೆಯ ಸಮೀಪದ ಆ ಊರಿನ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಬೀದಿಯಲ್ಲಿ ನಿಂತರೆ ಸಾಕು, ಹಕ್ಕಿ ಕಾಣುತ್ತದೆ. ಆದರೆ ಅದು ಜನರ ಮನೆಯಂಗಳ ಎಂಬುದು ನೆನಪಿರಲಿ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವುದು, ಡೈಪರ್ ಎಸೆಯುವುದು ಕೂಡದು. ಬಳಸಿದ ಡೈಪರನ್ನು ಪೇಪರಿನಲ್ಲಿ ಸುತ್ತಿ, ಜಿಪ್ ಚೀಲದಲ್ಲಿಟ್ಟು, ಕಸದ ಡಬ್ಬಿ ಸಿಗುವ ತನಕ ನಾವೇ ಹೊತ್ತೆವು. ರೈಲಿನ ಕಿಟಕಿಯಿಂದಲೂ ಅದು ಹೊರಗೆ ಬೀಳಬಾರದು.

ಚನ್ನಪಟ್ಟಣದ ಗೊಂಬೆಗೂ ಒಂದು ಮಾತು ಮೀಸಲಿಡಬೇಕು. ಈ ದಾರಿಯಲ್ಲಿ ಹೋದವರು ಮಗುವಿಗೆ ಬೇರೆ ಆಟಿಕೆ ಕೊಳ್ಳಬಾರದು. ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಮಾಡುವ ಗೊಂಬೆ. ಅಂಚು ಮೊನಚಿಲ್ಲ. ಬಾಯಿಗಿಡುವ ವಯಸ್ಸಿನವರಿಗೆ ಗಿಡಮೂಲದ ಬಣ್ಣದ್ದನ್ನೇ ಕೇಳಿ ತೆಗೆದುಕೊಳ್ಳಿ. ಪುಟ್ಟಿಗೆ ಒಂದು ಗಿಲಕಿ, ಒಂದು ಬುಗುರಿ ಕೊಂಡೆವು.

ಲೆಕ್ಕದ ಪುಸ್ತಕ

ಇವರು ಬರೆದಿಟ್ಟ ಲೆಕ್ಕ ಇದು. ದರಗಳು ಬದಲಾಗುತ್ತಿರುತ್ತವೆ, ಒಂದು ಅಂದಾಜಿಗೆ ಇರಲಿ.

ಹೋಗುವ ರೈಲು, ಇಬ್ಬರಿಗೆ: 200
ಬರುವ ಬಸ್ಸು, ಒಬ್ಬರಿಗೆ: 170
ರೂಮು, ಎರಡು ದಿನ: 2,600
ಊಟ, ತಿಂಡಿ, ಹಾಲು, ಹಣ್ಣು: 1,400
ಆಟೊ, ಸಿಟಿ ಬಸ್: 850
ಪ್ರವೇಶ ಟಿಕೆಟ್, ದೋಣಿ: 600
ಗೊಂಬೆ, ಮಲ್ಲಿಗೆ: 280
ಒಟ್ಟು: 6,100 ರೂಪಾಯಿ

ಹಿಂದಿನ ವರ್ಷದ ಮೂರನೇ ಒಂದು ಭಾಗ. ನಾವು ಯಾವುದಕ್ಕೂ ಕೈ ಬಿಗಿಹಿಡಿದಿರಲಿಲ್ಲ. ನಾಲ್ಕು ಊರಿನ ಬದಲು ಒಂದೇ ಊರು ಹಿಡಿದದ್ದಕ್ಕೆ ಕಾರಿನ ಬಾಡಿಗೆ ಹೋಯಿತು. ಮಧ್ಯಾಹ್ನ ಮಲಗಿದ್ದಕ್ಕೆ ಮಧ್ಯಾಹ್ನದ ಟಿಕೆಟ್ಟುಗಳು, ತಂಪು ಪಾನೀಯಗಳು ಹೋದವು. ಬುತ್ತಿ ಇದ್ದದ್ದಕ್ಕೆ ಮಗು ತಿನ್ನದೆ ಬಿಡುವ ಹೋಟೆಲ್ ತಟ್ಟೆಗಳು ಹೋದವು. ಜ್ವರ ಬರಲಿಲ್ಲ, ಡಾಕ್ಟರ ಫೀಸೂ ಉಳಿಯಿತು.

ಬೆಂಗಳೂರಿನಲ್ಲಿ ಇರದವರಿಗೂ ಈ ಸೂತ್ರ ಹೊಂದುತ್ತದೆ. ನಿಮ್ಮೂರಿನಿಂದ ಮೂರು ತಾಸಿನ ಗೆರೆ ಎಳೆದು ನೋಡಿ. ಶಿವಮೊಗ್ಗದ ಸುತ್ತಿನವರಿಗೆ ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿಗೆ ಬೆಳಿಗ್ಗೆ ಸ್ನಾನಕ್ಕಿಳಿಯುವ ಆನೆಗಳಿವೆ, ಹುಬ್ಬಳ್ಳಿಯವರಿಗೆ ಮುಂಡಗೋಡಿನ ಬಳಿ ಅತ್ತಿವೇರಿ ಪಕ್ಷಿಧಾಮವಿದೆ, ಕರಾವಳಿಯವರಿಗೆ ಪಿಲಿಕುಳವಿದೆ. ಕಲಬುರಗಿ, ರಾಯಚೂರಿನವರು ಮಾತ್ರ ಬಿಸಿಲು ಬಲಿಯುವ ಮುನ್ನ, ಫೆಬ್ರವರಿಯಲ್ಲೇ ಹೋಗಿ ಬರುವುದು ಒಳ್ಳೆಯದು.

"ಅಷ್ಟು ಚಿಕ್ಕ ಮಗುವಿಗೆ ಏನು ನೆನಪಿರುತ್ತೆ, ದೊಡ್ಡೋಳಾದ ಮೇಲೆ ಕರಕೊಂಡು ಹೋಗಿ" ಎಂದು ಹೊರಡುವಾಗ ಪಕ್ಕದ ಮನೆಯವರು ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ಅರಮನೆಯಾಗಲಿ ಆನೆಯಾಗಲಿ ಅವಳ ನೆನಪಿನಲ್ಲಿ ಉಳಿಯಲಿಕ್ಕಿಲ್ಲ, ಅದು ನನಗೂ ಗೊತ್ತು.

ಊರಿಗೆ ಬಂದು ನಾಲ್ಕನೇ ದಿನ, ರಾತ್ರಿ ಊಟದ ಹೊತ್ತು. ಅತ್ತೆಗೆ ಮೈ ಸರಿ ಇರಲಿಲ್ಲ, ಊಟ ಬೇಡವೆಂದು ಮಂಚದ ಮೇಲೆ ಒರಗಿದ್ದರು. ಪುಟ್ಟಿ ತನ್ನ ತಟ್ಟೆಯಿಂದ ಮೊಸರನ್ನದ ಒಂದು ತುತ್ತು ಮುಷ್ಟಿಯಲ್ಲಿ ಹಿಡಿದು ಎದ್ದಳು. ಅರ್ಧ ನೆಲಕ್ಕೆ ಉದುರಿತು. ಮಂಚದ ಬಳಿ ಹೋಗಿ, ಕತ್ತು ಬಾಗಿಸಿ, ಅಜ್ಜಿಯ ಮುಖದ ಹತ್ತಿರ ಮುಖ ತಂದು, ತಾನೇ ಮೊದಲು ಬಾಯಿ ದೊಡ್ಡದಾಗಿ ತೆರೆದು ತೋರಿಸಿದಳು.

ಅತ್ತೆ ಬಾಯಿ ತೆರೆದರು.